ಮಗಳಿಗೊಂದು ಪತ್ರ: ಅಂದು ಊಟದ ಹೊತ್ತಿನಲ್ಲಿ ನೀನು ಕೇಳಿದ್ದಕ್ಕೆ

ಪ್ರೀತಿಯ ಮಗಳೇ,

ಸಬ್ ಇನ್‌ಸ್ಪೆಕ್ಟರ್ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದ ದಿನ ರಾತ್ರಿ ಊಟಕ್ಕೆ ಕೂತಾಗ, "ಅಪ್ಪ, ವೀರಪ್ಪನ್ ಕಾಡಿನಲ್ಲಿ ನೀವು ಎಷ್ಟು ಜನರನ್ನು ಹೊಡೆದಿದ್ದೀರಿ?" ಎಂದು ಕೇಳಿದ್ದೆ. ನಾನು ಸಾರು ಬಡಿಸಿಕೊಳ್ಳುವ ನೆಪ ಮಾಡಿ ಮಾತು ಹಾರಿಸಿದೆ. ಸೋಮವಾರ ನೀನು ತರಬೇತಿಗೆ ಹೊರಡುತ್ತೀಯೆ. ಎದುರಿಗೆ ಹೇಳಲಾಗದ್ದನ್ನು ಬರೆದಾದರೂ ತಿಳಿಸೋಣವೆಂದು ಕೂತಿದ್ದೇನೆ. ಜೀವಮಾನವೆಲ್ಲ ಡೈರಿ, ಮಹಜರು, ಹೇಳಿಕೆ ಬರೆದ ಕೈಯಿದು. ಅಲ್ಲಲ್ಲಿ ಠಾಣೆಯ ವಾಸನೆ ಹೊಡೆದರೆ ಸಹಿಸಿಕೋ.

ವೀರಪ್ಪನ್‌ನನ್ನು ಹಿಡಿಯಲು ರಚಿಸಿದ್ದ ವಿಶೇಷ ಕಾರ್ಯಪಡೆಗೆ ನಾನು ಹೋದದ್ದು 1993ರಲ್ಲಿ, ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತ ಕೆಲವೇ ತಿಂಗಳಿಗೆ. ಅದಕ್ಕೆ ಹಿಂದಿನ ವರ್ಷ ಅವನ ಗ್ಯಾಂಗಿನವರು ರಾಮಾಪುರದ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದಿದ್ದರು. ಅದೇ ವರ್ಷದ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಸಿಕ್ಕ ಬಾತ್ಮಿಯನ್ನು ನಂಬಿ ಹೊರಟು ಮೀಣ್ಯಂ ಹತ್ತಿರ ಹೊಂಚಿಗೆ ಬಲಿಯಾಗಿದ್ದರು. ಹೊಸದಾಗಿ ಬಂದ ನಮಗೆ ಹಳಬರು ಮೊದಲು ಹೇಳಿಕೊಟ್ಟದ್ದು ಬಂದೂಕಿನ ವಿಷಯವನ್ನಲ್ಲ. ಬಾತ್ಮಿ ತಂದವನ ಮುಖವನ್ನಷ್ಟೇ ನೋಡಬೇಡ, ಅವನ ಮನೆಯಲ್ಲಿ ಯಾರಿಗೆ ಯಾರ ಭಯವಿದೆ ಎಂಬುದನ್ನು ತಿಳಿದುಕೊ ಎಂದಿದ್ದರು.

ಕೂಂಬಿಂಗ್, ಅಂದರೆ ಕಾಡು ಜಾಲಾಡುವ ಕೆಲಸ, ನೀನು ಸಿನಿಮಾದಲ್ಲಿ ಕಂಡಂತೆ ಇರುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು, ಟಾರ್ಚಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ ನಡುವೆ ಬಿಟ್ಟ ಕಡಲೆಕಾಳಿನಷ್ಟು ತೂತಿನ ಬೆಳಕಿನಲ್ಲಿ, ಮುಂದಿನವನ ಬೆನ್ನನ್ನೇ ನೋಡುತ್ತ ಗಂಟೆಗಟ್ಟಲೆ ನಡೆಯುವುದು. ಹೊಗೆ ಏಳುತ್ತದೆಂದು ಒಲೆ ಹಚ್ಚುವಂತಿಲ್ಲ. ಅವಲಕ್ಕಿ, ಬೆಲ್ಲ ಮುಗಿದರೆ ಊಟ ಮುಗಿದಂತೆ. ನಮ್ಮ ತಂಡಕ್ಕೆ ದಾರಿ ತೋರಿಸುತ್ತಿದ್ದ ಸೋಲಿಗ ಹಿರಿಯರೊಬ್ಬರಿದ್ದರು. ಒಮ್ಮೆ ಅವರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಎರಡು ಲಂಟಾನ ಪೊದೆಗಳ ನಡುವೆ ಎದೆಯೆತ್ತರದಲ್ಲಿ ಹರಿದು ನೇತಾಡುತ್ತಿದ್ದ ಜೇಡರ ಬಲೆಯನ್ನು ತೋರಿಸಿದರು. ಜಿಂಕೆ ದಾಟಿದ್ದರೆ ಬಲೆ ಕೆಳಗೆ ಹರಿಯಬೇಕಿತ್ತು, ಆನೆ ದಾಟಿದ್ದರೆ ಪೊದೆಯೇ ಇರುತ್ತಿರಲಿಲ್ಲ, ಇಲ್ಲಿ ಹೋದದ್ದು ಮನುಷ್ಯ ಎಂದರು. ಅಂದು ಸಂಜೆಯವರೆಗೆ ಹುಡುಕಿದರೂ ನಮಗೆ ಸಿಕ್ಕಿದ್ದು ಮೂರು ಬೀಡಿ ತುಂಡು ಮಾತ್ರ. ಡೈರಿಯಲ್ಲಿ 'ವಿಶೇಷವೇನೂ ಇಲ್ಲ' ಎಂದು ಬರೆದೆ. ಆ ಕಾಡಿನಲ್ಲಿ ನಾನು ಬರೆದ ಡೈರಿಯ ಮುಕ್ಕಾಲು ಭಾಗ ಇದೇ ಎರಡು ಪದಗಳು.

ಈಗ ನಿನಗೆ ಯಾವತ್ತೂ ಹೇಳದ ಒಂದು ಸಂಗತಿ. ಒಂದು ಬೆಳಿಗ್ಗೆ ಕಾಡಂಚಿನ ಹಟ್ಟಿಯೊಂದರಲ್ಲಿ ಮನೆ ಮನೆ ತಪಾಸಣೆ ಮಾಡುತ್ತಿದ್ದೆವು. ಒಂದು ಗುಡಿಸಲಿನಲ್ಲಿ ತಾಯಿ, ಮಗ ಇಬ್ಬರೇ ಇದ್ದರು; ಒಲೆಯ ಮೇಲೆ ಮಾತ್ರ ಇಪ್ಪತ್ತು ಜನ ಉಣ್ಣುವಷ್ಟು ಅನ್ನದ ಹಂಡೆ. ಆ ದಿನಗಳಲ್ಲಿ ದೊಡ್ಡ ಹಂಡೆಯೆಂದರೆ ನಮ್ಮ ಕಣ್ಣಿಗೆ ಗ್ಯಾಂಗಿಗೆ ಹೋಗುವ ಊಟ. ಯಾರಿಗೆ ಇದು ಎಂದು ಗದರಿದೆ. ಆಕೆ ಉತ್ತರಿಸಲು ತಡವರಿಸಿದಳು. ನಾನು ಬೂಟುಗಾಲಿನಿಂದ ಹಂಡೆಯನ್ನು ಒದ್ದೆ. ಅನ್ನ ಸಗಣಿ ಸಾರಿಸಿದ ನೆಲದ ಮೇಲೆ ಹರಡಿಕೊಂಡು ಹಬೆಯಾಡುತ್ತಿತ್ತು. ಅದು ಆಕೆಯ ಗಂಡನ ಹನ್ನೊಂದನೆಯ ದಿನದ ಅಡುಗೆ ಎಂದು ಪಕ್ಕದ ಮನೆಯ ಮುದುಕ ಬಂದು ಹೇಳಿದ. ಆಕೆ ಅಳಲಿಲ್ಲ. ನೆಲದ ಮೇಲಿನ ಅನ್ನವನ್ನು ಬೊಗಸೆಯಲ್ಲಿ ಬಳಿದು ಮತ್ತೆ ಹಂಡೆಗೆ ತುಂಬುತ್ತಾ, "ರಾತ್ರಿ ಅವ್ರು ಬಂದು ಅನ್ನ ಕೊಡು ಅಂತಾರೆ, ಬೆಳಗಾದ್ರೆ ನೀವು ಬಂದು ಯಾಕೆ ಕೊಟ್ಟೆ ಅಂತೀರಿ. ನಾನು ಯಾರಿಗೆ ಅಂತ ಉತ್ತರ ಹೇಳ್ಲಿ ಸ್ವಾಮಿ?" ಎಂದಳು. ನನಗೆ ಹಾಗೆ ಮಾಡೆಂದು ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಹಿಂದಿನ ವಾರ ಸ್ನೇಹಿತನೊಬ್ಬನನ್ನು ಕಳೆದುಕೊಂಡಿದ್ದೆ ಎಂಬುದು ಕಾರಣವಾದೀತೇ ಹೊರತು ಸಮಜಾಯಿಷಿ ಆಗಲಾರದು.

ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಪಡೆಗಳ ಮೇಲೆ ಬಂದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿದಾಗ ನಮ್ಮಲ್ಲಿ ಅನೇಕರು ಕೆರಳಿದರು. ಸತ್ತ ಪೊಲೀಸರ ಹಕ್ಕು ಯಾರು ಕೇಳುತ್ತಾರೆ ಎಂಬುದು ಅವರ ಮಾತು. ಆ ಮಾತಿನಲ್ಲಿ ನೋವಿತ್ತು, ಸುಳ್ಳೂ ಅಲ್ಲ. ಆದರೆ ನನಗೆ ಆ ಹಂಡೆ ನೆನಪಾಗಿ ನಾನು ಬಾಯಿ ತೆರೆಯಲಿಲ್ಲ.

ನಾನು ಕಂಡಂತೆ, ಆ ಸೀಮೆಯಲ್ಲಿ ಪೊಲೀಸ್ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಪೊಲೀಸರಲ್ಲ, ಅರಣ್ಯ ಇಲಾಖೆಯ ಪಿ. ಶ್ರೀನಿವಾಸ್. ವೀರಪ್ಪನ್ ಹುಟ್ಟೂರಾದ ಗೋಪಿನಾಥಂನಲ್ಲೇ ಮಾರಿಯಮ್ಮನ ಗುಡಿ ಕಟ್ಟಿಸಿ, ಜನರಿಗೆ ಔಷಧಿ ಸಿಗುವಂತೆ ಮಾಡಿ ಅವರ ನಡುವೆ ಬದುಕಿದರು. ಶರಣಾಗುತ್ತೇನೆಂಬ ಮಾತು ನಂಬಿ ಹೋದ ಅವರನ್ನು 1991ರ ನವೆಂಬರ್ 10ರಂದು ಆತ ಕೊಂದ. ನಂಬಿದ್ದು ಅವರ ತಪ್ಪು ಎನ್ನುವವರಿದ್ದಾರೆ. ನಮಗೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಗಳಲ್ಲಿ ಅವರ ಹೆಸರು ಹೇಳಿದರೆ ಕುಡಿಯಲು ನೀರು ಸಿಗುತ್ತಿತ್ತು ಎಂಬುದಷ್ಟೇ ನಾನು ಕಣ್ಣಾರೆ ಕಂಡದ್ದು.

ನೀನು ಹುಟ್ಟಿದ್ದು 2000ದಲ್ಲಿ, ಡಾ. ರಾಜ್‌ಕುಮಾರ್ ಅವರು ಕಾಡಿನಲ್ಲಿ ಒತ್ತೆಯಾಳಾಗಿದ್ದ 108 ದಿನಗಳ ನಡುವೆ. ಮಾತುಕತೆ ನಡೆಯುತ್ತಿದ್ದುದರಿಂದ ಕಾಡು ಹೊಗುವಂತಿರಲಿಲ್ಲ, ರಜೆಯೂ ಇರಲಿಲ್ಲ. ನವೆಂಬರ್ 15ರಂದು ಅವರು ಬಿಡುಗಡೆಯಾದ ಮೇಲೆ ಮನೆಗೆ ಬಂದಾಗ ನಿನ್ನ ಹೆಸರಿಡುವ ಶಾಸ್ತ್ರ ಮುಗಿದಿತ್ತು. ಅಜ್ಜಿ ಇಟ್ಟ ಹೆಸರನ್ನು ನಾನು ಒಪ್ಪಿಕೊಂಡೆ.

ವೀರಪ್ಪನ್ ಸತ್ತ ರಾತ್ರಿ, 2004ರ ಅಕ್ಟೋಬರ್ 18ರಂದು, ನಾನು ಮೈಸೂರಿನಲ್ಲಿ ದಸರಾ ಬಂದೋಬಸ್ತಿನಲ್ಲಿದ್ದೆ. ತಮಿಳುನಾಡಿನ ಪಡೆ ಅವನನ್ನು ಆಂಬುಲೆನ್ಸಿನಲ್ಲಿ ಕಾಡಿನಿಂದ ಹೊರಗೆ ತಂದು ಪಾಪಾರಪಟ್ಟಿಯ ಹತ್ತಿರ ಮುಗಿಸಿತು. ನಾವು ಕಲ್ಯಾಣ ಮಂಟಪವೊಂದರ ಜಮಖಾನದ ಮೇಲೆ ಮಲಗಿದ್ದೆವು. ಯಾರೋ ಎಬ್ಬಿಸಿ ಸುದ್ದಿ ಹೇಳಿದರು. ಕೆಲವರು ಕೂಗಿದರು. ನಾನು ಎದ್ದು ಕೂತು, ಮೀಣ್ಯಂನ ಆ ದಾರಿಯನ್ನು ನೆನೆದು ಮತ್ತೆ ಮಲಗಿದೆ. ಬೆಳಿಗ್ಗೆ ಐದಕ್ಕೆ ಟ್ರಾಫಿಕ್ ಡ್ಯೂಟಿ ಇತ್ತು.

ಮಲೆನಾಡಿನ ನಕ್ಸಲ್ ನಿಗ್ರಹ ದಳದಲ್ಲಿ ಕಳೆದ ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದೇ ನಡಿಗೆ, ಉಂಬಳ ಮಾತ್ರ ಹೆಚ್ಚು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದುದನ್ನು ನಾವು ಟಿವಿಯಲ್ಲಿ ನೋಡುತ್ತಿದ್ದಾಗ ನಾನು ಅಷ್ಟು ಹೊತ್ತು ಸುಮ್ಮನಿದ್ದೆನಲ್ಲ, ಅವರಂಥವರನ್ನು ಹುಡುಕಿಕೊಂಡು ಕಳೆದ ಮಳೆಗಾಲಗಳನ್ನು ಲೆಕ್ಕ ಹಾಕುತ್ತಿದ್ದೆ.

ನೀನು ಕೇಳಿದ ಲೆಕ್ಕ ಹೇಳುತ್ತೇನೆ. ಕತ್ತಲೆಯಲ್ಲಿ ಶಬ್ದ ಬಂದ ಕಡೆಗೆ ಹಲವು ಬಾರಿ ಗುಂಡು ಹಾರಿಸಿದ್ದೇನೆ. ಯಾರಿಗಾದರೂ ತಗುಲಿತೋ ಇಲ್ಲವೋ ನನಗೆ ತಿಳಿಯದು. ಬೆಳಗಾದ ಮೇಲೆ ರಕ್ತದ ಕಲೆ ಕಂಡದ್ದಿಲ್ಲ.

ಹೋದ ವರ್ಷ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ದಾರಿಯಲ್ಲಿ ಕಾರು ನಿಲ್ಲಿಸಿ, ಯಾರನ್ನೋ ಮಾತಾಡಿಸಿ ಬರುತ್ತೇನೆಂದು ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲವೆಂದು ನೀನು ರೇಗಿದ್ದು ನೆನಪಿದೆಯೇ? ಆ ಗುಡಿಸಲಿದ್ದ ಜಾಗದಲ್ಲಿ ಈಗ ಶೀಟಿನ ಮನೆಯಿದೆ. ಆಕೆ ತೀರಿಕೊಂಡು ಬಹಳ ವರ್ಷವಾಗಿದೆಯಂತೆ. ಮಗ ನನ್ನನ್ನು ಗುರುತಿಸಲಿಲ್ಲ. ಜಗುಲಿಯ ಮೇಲೆ ಕೂರಿಸಿ, ಬಿಸಿಲಲ್ಲಿ ಬಂದಿದ್ದೀರಿ, ಊಟ ಮಾಡಿಕೊಂಡು ಹೋಗಿ ಎಂದ. ಬೇಡವೆನ್ನಲು ಆಗಲಿಲ್ಲ, ಉಂಡು, ನಾನು ಯಾರೆಂದು ಹೇಳದೆ ಎದ್ದು ಬಂದೆ.

ಇಂತಿ,
ನಿನ್ನ ಅಪ್ಪ