ಮುಟ್ಟಿ ನೋಡಲಾಗದವರಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಆನ್‌ಲೈನ್‌ನಲ್ಲಿ ಮಾರಲೆಂದು ನೀನು ಮಾಡಿದ ಮಣ್ಣಿನ ಬಟ್ಟಲುಗಳ 23 ಫೋಟೊಗಳನ್ನೂ ನಿನ್ನೆ ರಾತ್ರಿ ಒಂದೊಂದಾಗಿ ನೋಡಿದೆ. ಬಟ್ಟಲುಗಳು ತುಂಬ ಚೆನ್ನಾಗಿವೆ. ಆ ನೀಲಿ ಬಟ್ಟಲಿನ ಮೈಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳೆಯುವ ಲೇಪ, ಇಳಿದು ನಿಂತಿರುವ ರೀತಿ ನೋಡಿ ನನಗೆ ಹೆಮ್ಮೆಯಾಯಿತು. ಆದರೆ ಫೋಟೊಗಳು ಅವುಗಳಷ್ಟು ಚೆನ್ನಾಗಿಲ್ಲ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ ಅನ್ನಿಸಿ, ಕೂತು ಬರೆಯುತ್ತಿದ್ದೇನೆ.

ಹೊಸ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀಯ. ಬೇಡ. ನಿನ್ನ ಕೈಯಲ್ಲಿರುವ ಫೋನೇ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಇಷ್ಟು ವರ್ಷ ಸ್ಟುಡಿಯೋದಲ್ಲಿ ವಸ್ತುಗಳ ಫೋಟೊ ತೆಗೆದವನಾಗಿ ಹೇಳುತ್ತೇನೆ, ಕೆಟ್ಟ ಬೆಳಕಿನಲ್ಲಿ ದೊಡ್ಡ ಕ್ಯಾಮೆರಾ ತೆಗೆಯುವುದೂ ಕೆಟ್ಟ ಫೋಟೊವನ್ನೇ.

ಮೊದಲು ಕೊಳ್ಳುವವರ ಬಗ್ಗೆ ಯೋಚಿಸು. ಎದುರಿಗೆ ಬಟ್ಟಲು ಇದ್ದರೆ ಅವರು ಏನು ಮಾಡುತ್ತಾರೆ? ಕೈಗೆತ್ತಿಕೊಂಡು ಭಾರ ನೋಡುತ್ತಾರೆ. ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಒಳಗೆ ಇಣುಕುತ್ತಾರೆ. ಮಗುಚಿ ತಳ ನೋಡುತ್ತಾರೆ. ಪರದೆಯ ಮೇಲೆ ಇದ್ಯಾವುದೂ ಆಗುವುದಿಲ್ಲ. ಅವರ ಪಾಲಿಗೆ ನಿನ್ನ ಬಟ್ಟಲು ಕನ್ನಡಿಯೊಳಗಿನ ಗಂಟು. ಹಾಗಾಗಿ ಒಂದೊಂದು ಫೋಟೊ ತೆಗೆಯುವಾಗಲೂ ಆ ಕೈ ಕೇಳುತ್ತಿದ್ದ ಯಾವ ಪ್ರಶ್ನೆಗೆ ಇದು ಉತ್ತರ ಎಂದು ಕೇಳಿಕೋ. ನೀನು ಕಳಿಸಿದ 23ರಲ್ಲಿ ಹದಿನೈದಾದರೂ ಒಂದೇ ಪ್ರಶ್ನೆಗೆ, ಮುಂದಿನಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ, ಉತ್ತರ ಕೊಡುತ್ತಿವೆ. ತಳ ಒಂದರಲ್ಲೂ ಇಲ್ಲ.

ಈಗ ಬೆಳಕು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮುಕ್ಕಾಲು ಕೆಲಸ ಇಲ್ಲೇ ಇದೆ.

ಕಿಟಕಿಯ ಪಕ್ಕ ಮೇಜು ಹಾಕಿಕೊಂಡಿದ್ದೀಯ, ಒಳ್ಳೆಯದು. ಆದರೆ ಮೇಲಿನ ದೀಪವನ್ನೂ ಹಚ್ಚಿದ್ದೀಯ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು. ಕ್ಯಾಮೆರಾ ಇವೆರಡರಲ್ಲಿ ಒಂದನ್ನು ಬಿಳಿ ಎಂದು ನಂಬಬಲ್ಲದೇ ಹೊರತು ಎರಡನ್ನೂ ಅಲ್ಲ. ನಿನ್ನ ಬಟ್ಟಲಿನ ಒಂದು ಕೆನ್ನೆ ನೀಲಿಯಾಗಿ, ಇನ್ನೊಂದು ಕೆನ್ನೆ ಕಾಮಾಲೆ ಹಿಡಿದಂತೆ ಬಂದಿರುವುದು ಇದೇ ಕಾರಣಕ್ಕೆ. ಆಮೇಲೆ ಎಡಿಟ್ ಮಾಡಿ ಸರಿಪಡಿಸುತ್ತೇನೆ ಅಂದುಕೊಳ್ಳಬೇಡ. ಹಳದಿಯನ್ನು ಸರಿ ಮಾಡಲು ಹೋದರೆ ಆ ಕಡೆಯದು ಇನ್ನಷ್ಟು ನೀಲಿಯಾಗುತ್ತದೆ. ದೀಪ ಆರಿಸಿಬಿಡು, ಅಷ್ಟೇ.

ಕಿಟಕಿಗೆ ನೇರ ಬಿಸಿಲು ಬೀಳುತ್ತಿದ್ದರೆ ತೆಳುವಾದ ಬಿಳಿ ಬಟ್ಟೆ ಕಟ್ಟು. ಸೂರ್ಯ ಎಷ್ಟೇ ದೊಡ್ಡವನಾದರೂ ಇಲ್ಲಿಂದ ನೋಡಿದರೆ ಆಕಾಶದಲ್ಲೊಂದು ಚುಕ್ಕಿ. ಬೆಳಕು ಚಿಕ್ಕ ಜಾಗದಿಂದ ಬಂದಷ್ಟೂ ನೆರಳಿನ ಅಂಚು ಕತ್ತರಿಸಿದ ಹಾಗೆ ಚೂಪಾಗುತ್ತದೆ. ಬಟ್ಟೆ ಕಟ್ಟಿದಾಗ ಇಡೀ ಕಿಟಕಿಯೇ ದೀಪವಾಗುತ್ತದೆ, ನೆರಳು ಮೆಲ್ಲಗೆ ಕರಗುತ್ತ ಹೋಗುತ್ತದೆ. ಬಟ್ಟಲನ್ನು ಕಿಟಕಿಗೆ ಹತ್ತಿರ ತಂದಷ್ಟೂ ಅದರ ಪಾಲಿಗೆ ಕಿಟಕಿ ದೊಡ್ಡದು, ನೆರಳು ಮೃದು. ತೀರಾ ಹತ್ತಿರ ತಂದರೆ ಮಾತ್ರ ಕಿಟಕಿಯ ಕಡೆಯ ಮೈ ಬೆಳಗಿ ಆಚೆಯ ಮೈ ಕತ್ತಲಾಗುತ್ತದೆ. ಆಗ ಆಚೆ ಒಂದು ಬಿಳಿ ಥರ್ಮಕೋಲ್ ಹಾಳೆ ನಿಲ್ಲಿಸು. ಅದನ್ನು ಒಂದು ಗೇಣು ಹಿಂದೆ ಮುಂದೆ ಸರಿಸುತ್ತ ಬಟ್ಟಲನ್ನೇ ನೋಡುತ್ತಿರು. ನೆರಳು ತುಂಬುವುದು, ಬರಿದಾಗುವುದು ಕಣ್ಣಿಗೇ ಕಾಣುತ್ತದೆ. ನೆರಳನ್ನು ಪೂರ್ತಿ ಅಳಿಸಲು ಮಾತ್ರ ಹೋಗಬೇಡ. ನೆರಳಿಲ್ಲದ ಬಟ್ಟಲು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗುತ್ತದೆ.

ಬೆಳಕು ಯಾವ ದಿಕ್ಕಿನಿಂದ ಬರಬೇಕು ಎಂಬುದನ್ನು ವಸ್ತುವೇ ಹೇಳುತ್ತದೆ. ಚಕ್ರದ ಮೇಲೆ ನಿನ್ನ ಬೆರಳು ಮೂಡಿಸಿದ ಗೆರೆಗಳು ಕಾಣಬೇಕೆಂದರೆ ಬೆಳಕು ಪಕ್ಕದಿಂದ, ಮೈಯನ್ನು ಸವರಿಕೊಂಡು ಹೋಗಬೇಕು. ನಿನ್ನ ಬೆನ್ನ ಹಿಂದಿನಿಂದ ಬಂದರೆ ಆ ಗೆರೆಗಳೆಲ್ಲ ಮಾಯ. ಫೋನಿನ ಫ್ಲ್ಯಾಶ್ ಮಾಡುವುದೂ ಇದನ್ನೇ. ಅದನ್ನು ಮರೆತುಬಿಡು.

ನಿನ್ನ ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡು. ಬಟ್ಟಲಿನ ಹೊಟ್ಟೆಯಲ್ಲಿ ನೀನಿದ್ದೀಯ, ನಿನ್ನ ಕೆಂಪು ಅಂಗಿಯಿದೆ, ಫೋನ್ ಹಿಡಿದ ಕೈಯಿದೆ. ಹೊಳೆಯುವ ವಸ್ತುವೆಂದರೆ ಕನ್ನಡಿ. ಅದರ ಫೋಟೊ ತೆಗೆಯುವಾಗ ನೀನು ತೆಗೆಯುವುದು ಅದರ ಸುತ್ತಮುತ್ತಲಿನ ಫೋಟೊವನ್ನು. ಬೆಳಕು ಬಿದ್ದ ಕೋನದಲ್ಲೇ ಹಿಂದಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀಯಲ್ಲ, ಆ ಪಾಠ ಉಪಯೋಗಕ್ಕೆ ಬರುವುದು ಇಲ್ಲೇ. ಕಿಟಕಿಯ ಹೊಳಪು ಬೇಡದ ಕಡೆ ಬಿದ್ದಿದ್ದರೆ ಬಟ್ಟಲನ್ನೋ ನಿನ್ನನ್ನೋ ಸ್ವಲ್ಪ ಸರಿಸು. ಸಾದಾ ಬಣ್ಣದ ಬಟ್ಟೆ ಹಾಕಿಕೊಂಡು ಕೆಲಸ ಮಾಡು. ಆದರೆ ಹೊಳಪನ್ನು ಪೂರ್ತಿ ಕೊಲ್ಲಬೇಡ. ಗ್ಲೇಜ್ ಹಾಕಿದ ಬಟ್ಟಲು ಎಂದು ನೋಡುವವರಿಗೆ ತಿಳಿಯುವುದೇ ಆ ಒಂದು ಉದ್ದನೆಯ ಬಿಳಿ ಹೊಳಪಿನಿಂದ. ಮುಂದೆ ಗಾಜಿನ ಬಾಟಲಿಗಳನ್ನೂ ಮಾರುವ ಯೋಚನೆಯಿದೆ ಎಂದು ನೀನು ಹೇಳಿದ್ದೆ. ಅವಕ್ಕೆ ಬೆಳಕು ಹಿಂದಿನಿಂದ ಬರಲಿ, ಎಡಬಲದಲ್ಲಿ ಚೌಕಟ್ಟಿನ ಆಚೆಗೆ ಕಪ್ಪು ರಟ್ಟು ನಿಲ್ಲಿಸು. ಗಾಜಿನ ಅಂಚನ್ನು ಆ ಕಪ್ಪೇ ಗೆರೆ ಎಳೆದು ತೋರಿಸುತ್ತದೆ.

ಬಿಳಿ ಹಾಳೆ ಹಾಕಿದರೂ ಫೋಟೊದಲ್ಲಿ ಬೂದು ಬರುತ್ತದೆ ಎಂದು ಬೇಸರ ಮಾಡಿಕೊಂಡಿದ್ದೀಯ. ಅದು ನಿನ್ನ ತಪ್ಪಲ್ಲ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದು ಲೆಕ್ಕ ಹಾಕುವುದು ಕ್ಯಾಮೆರಾದ ಸ್ವಭಾವ. ಬರೀ ಬಿಳಿ ಕಂಡರೆ ಬೆಳಕು ಜಾಸ್ತಿಯಾಯಿತೆಂದು ಇಳಿಸಿಬಿಡುತ್ತದೆ. ಬಟ್ಟಲಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿ, ಫೋಕಸ್ ಮತ್ತು ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳ್ಳಗೆ ಬರಬೇಕೆಂಬ ಲೆಕ್ಕ) ಲಾಕ್ ಆಗುತ್ತವೆ. ಆಮೇಲೆ ಬೆಳಕಿನ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಎಳೆ. ಹಾಳೆ ಬೆಳ್ಳಗಾಗಬೇಕು, ಬಟ್ಟಲಿನ ಅಂಚು ಹಾಳೆಯಲ್ಲಿ ಕರಗಬಾರದು. ಅಮೆಜಾನ್‌ನಂಥ ಕಡೆ ಮೊದಲ ಫೋಟೊಗೆ ಅಪ್ಪಟ ಬಿಳಿ ಹಿನ್ನೆಲೆಯೇ ಬೇಕು, ವಸ್ತು ಚೌಕಟ್ಟಿನ 85 ಪ್ರತಿಶತ ತುಂಬಿರಬೇಕು ಎಂಬ ನಿಯಮವಿದೆ. ನಿನ್ನದೇ ಅಂಗಡಿಯಲ್ಲಿ ಆ ಕಟ್ಟುಪಾಡಿಲ್ಲ. ನನ್ನನ್ನು ಕೇಳಿದರೆ ನಿನ್ನ ಬಟ್ಟಲುಗಳಿಗೆ ತಿಳಿಬೂದು ಹಿನ್ನೆಲೆಯೇ ಹೆಚ್ಚು ಒಪ್ಪುತ್ತದೆ.

ಇನ್ನೊಂದು, ತೀರಾ ಹತ್ತಿರ ಹೋಗಿ ತೆಗೆಯುತ್ತೀಯ. ಫೋನಿನ ಮುಖ್ಯ ಲೆನ್ಸ್ ಅಗಲನೋಟದ್ದು. ಅದನ್ನು ಹತ್ತಿರ ಒಯ್ದರೆ ಮುಂದಿನ ಅಂಚು ಹಿಗ್ಗಿ ತಳ ಕುಗ್ಗುತ್ತದೆ, ಬಟ್ಟಲು ಆಲಿಕೆಯಂತಾಗುತ್ತದೆ. ಎರಡು ಹೆಜ್ಜೆ ಹಿಂದೆ ಬಾ, 2x ಜೂಮ್ ಒತ್ತು. ಆಕಾರ ತಾನಾಗಿ ನೆಟ್ಟಗಾಗುತ್ತದೆ. ಪೋರ್ಟ್ರೇಟ್ ಮೋಡ್ ಬೇಡ. ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅದು ನಿನ್ನ ಬಟ್ಟಲಿನ ಹಿಡಿಯನ್ನು ಅರ್ಧ ತಿಂದುಹಾಕಿದೆ, ಹನ್ನೊಂದನೆಯ ಫೋಟೊದಲ್ಲಿ ನೋಡು. ಲೆನ್ಸ್ ಒರೆಸಿಕೊಳ್ಳುವುದು, ಫೋನನ್ನು ಪುಸ್ತಕಗಳ ಮೇಲೆ ಆನಿಸಿ 2 ಸೆಕೆಂಡಿನ ಟೈಮರ್ ಹಾಕುವುದು ನಿನಗೆ ಗೊತ್ತೇ ಇದೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಒಂದು ಹಳೆಯ ನೋವಿದೆ. ನಿನ್ನ ವಯಸ್ಸಿನಲ್ಲಿದ್ದಾಗ ಒಂದು ಕ್ಯಾಟಲಾಗಿಗೆ ಬಟ್ಟೆಗಳ ಫೋಟೊ ತೆಗೆದೆ. ಒಂದು ಹಸಿರು ಬಟ್ಟೆ ಸಪ್ಪೆಯಾಗಿ ಕಂಡಿತು, ಬಣ್ಣ ಏರಿಸಿದೆ. ಪುಟ ಅಚ್ಚಾಗಿ ಬಂದಾಗ ಎಲ್ಲರೂ ಹೊಗಳಿದರು. ಆಮೇಲೆ ಆ ಬಟ್ಟೆ ಕಟ್ಟುಕಟ್ಟಾಗಿ ವಾಪಸ್ ಬಂತು. ಕೊಂಡವರು ಕೇಳಿದ್ದು ನನ್ನ ಫೋಟೊದ ಹಸಿರನ್ನು, ನೇಯ್ದವರು ಕೊಟ್ಟದ್ದು ನಿಜವಾದ ಹಸಿರನ್ನು. ನಷ್ಟ ನೇಯ್ದವರದಾಯಿತು. ಅವರ ಬಟ್ಟೆಯಲ್ಲಿ ಯಾವ ದೋಷವೂ ಇರಲಿಲ್ಲ. ಅಂದಿನಿಂದ ವಸ್ತುವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಬಣ್ಣ ತಿದ್ದಿದವನಲ್ಲ ನಾನು. ನೀನೂ ಹಾಗೇ ಮಾಡು. ಪ್ರತಿ ಸಲ ಮೊದಲ ಫೋಟೊದಲ್ಲಿ ಬಟ್ಟಲಿನ ಜೊತೆ ಒಂದು ನಡುಬೂದು ಕಾರ್ಡ್ ಇಡು, ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವುದು ಬಣ್ಣವಿಲ್ಲದ್ದು ಎಂಬ ಲೆಕ್ಕವನ್ನು, ಅದರ ಮೇಲೆ ಹೊಂದಿಸು. ಬಿಳಿ ಕಾಗದವಾದರೂ ನಡೆದೀತು, ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಎಷ್ಟೋ ಕಾಗದಗಳಿಗೆ ಬೆಳ್ಳಗೆ ಕಾಣಲೆಂದು ನೀಲಿಛಾಯೆಯ ರಾಸಾಯನಿಕ ಬೆರೆಸಿರುತ್ತಾರೆ. ಎಡಿಟ್ ಮಾಡುವಾಗ ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಆರಿಸಿರು, ಹಗಲಲ್ಲಿ ಬಟ್ಟಲನ್ನು ಪರದೆಯ ಪಕ್ಕ ಹಿಡಿದು ಹೋಲಿಸು.

ಎಂಟನೆಯ ಬಟ್ಟಲಿನ ಅಂಚಿನಲ್ಲಿದ್ದ ಸೂಜಿಮೊನೆಯಷ್ಟು ರಂಧ್ರವನ್ನು ನೀನು ಆ್ಯಪ್‌ನಲ್ಲಿ ಅಳಿಸಿದ್ದೀಯ. ಅಲ್ಲಿನ ಗ್ಲೇಜ್ ನುಣುಪು ಸುತ್ತಲಿನದಕ್ಕೆ ಕೂಡಿಲ್ಲ, ನನಗೆ ಗೊತ್ತಾಯಿತು. ಮೇಜಿನ ಮೇಲಿನ ಧೂಳು ಅಳಿಸು, ದಾರದ ಎಳೆ ಅಳಿಸು, ತಪ್ಪಿಲ್ಲ. ಬಟ್ಟಲಿನ ಜೊತೆ ಪೆಟ್ಟಿಗೆಯಲ್ಲಿ ಹೋಗುವುದನ್ನು ಅಳಿಸಬೇಡ ಮಗಳೇ. ಬದಲಿಗೆ ಅದನ್ನೇ ಹತ್ತಿರದಿಂದ ಒಂದು ಫೋಟೊ ತೆಗೆದು ಹಾಕು, ಪಕ್ಕದಲ್ಲಿ ಒಂದು ಸಾಲು ಬರೆ. ಅದನ್ನು ನೋಡಿಯೂ ಕೊಳ್ಳುವವರು ವಾಪಸ್ ಕಳಿಸುವುದು ಕಡಿಮೆ.

ಅಳತೆಗೆ ಒಂದು ಫೋಟೊದಲ್ಲಿ ನಿನ್ನ ಕೈ ಬರಲಿ. ಎತ್ತರ, ಅಗಲ, ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂಬುದನ್ನು ಬರೆದೂ ಇಡು. ಆದರೆ ಅಂಕಿ ಓದಿ ಗಾತ್ರ ಊಹಿಸುವುದು ಎಲ್ಲರಿಗೂ ಕಷ್ಟ, ಕೈ ನೋಡಿದರೆ ತಕ್ಷಣ ತಿಳಿಯುತ್ತದೆ. ಬಟ್ಟಲು ಇಡುವ ಜಾಗಕ್ಕೂ ಫೋನ್ ಇಡುವ ಜಾಗಕ್ಕೂ ಟೇಪ್ ಅಂಟಿಸಿ ಗುರುತು ಮಾಡಿಕೋ. ಮುಂದಿನ ತಿಂಗಳು ತೆಗೆದದ್ದೂ ಈ ತಿಂಗಳು ತೆಗೆದದ್ದೂ ಒಂದೇ ಮನೆಯವುಗಳಂತೆ ಕಾಣಲು ಇಷ್ಟು ಸಾಕು. ಉದ್ದದ ಬದಿ 2000 ಪಿಕ್ಸೆಲ್ ಇಟ್ಟುಕೊಂಡರೆ ದೊಡ್ಡದು ಮಾಡಿ ನೋಡುವವರಿಗೂ ವಿವರ ಸಿಗುತ್ತದೆ.

ಈ ಭಾನುವಾರ ಎಲ್ಲವನ್ನೂ ಮತ್ತೆ ತೆಗೆಯಲು ಕೂರಬೇಡ, ಸುಸ್ತಾಗಿ ಕೊನೆಯವು ಕೆಡುತ್ತವೆ. ಆ ನೀಲಿ ಬಟ್ಟಲು ಒಂದೇ ತಗೋ. ಮುಂದಿನಿಂದ, ಒಳಗೆ, ಅಂಚು, ಕೈಯಲ್ಲಿ, ತಳ. ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ಲದಿದ್ದರೆ ಅದು ಫೋಟೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ನನಗೆ ಏನೂ ಸರಿಯಾಗಿ ಕಾಣುವುದಿಲ್ಲ. ತಳದ ಫೋಟೊ ಮೊದಲು ಕಳಿಸು. ಅಲ್ಲಿ ನಿನ್ನ ಹೆಸರಿನ ಗುರುತು ಒತ್ತಿರುತ್ತೀ ಎಂದು ನಿನ್ನಮ್ಮ ಹೇಳಿದಳು, ನಾನಿನ್ನೂ ನೋಡಿಲ್ಲ.

ನಿನ್ನ ಪ್ರೀತಿಯ ಮಾವ