ಗಾಯ ಮಾಗದ ಅನಿಮೋನಿ ಕಳಿಸಿದ್ದರ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಕತ್ತರಿಸಿದ ಗಾಯ ಕೂಡುವ ಮೊದಲೇ ಕಳಿಸಿದ ಬಬಲ್ ಟಿಪ್ ಅನಿಮೋನಿ ಸತ್ತುಹೋದ ಬಗ್ಗೆ, ಹಣ ವಾಪಸ್ ಕೋರಿ.

ಮಾನ್ಯರೇ,

ಹತ್ತು ದಿನದ ಹಿಂದೆ ನಿಮ್ಮಿಂದ ಒಂದು ಬಬಲ್ ಟಿಪ್ ಅನಿಮೋನಿ (ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ ಮೆತ್ತನೆಯ ಕಡಲಜೀವಿ; ಒಂದನ್ನು ಎರಡಾಗಿ ಕತ್ತರಿಸಿ ಬೆಳೆಸುತ್ತಾರೆ) ತರಿಸಿಕೊಂಡೆ. ‘ಟ್ಯಾಂಕಿನಲ್ಲೇ ಬೆಳೆಸಿದ್ದು, ಗಾಯ ಪೂರ್ತಿ ಮಾಗಿದೆ, ಚೆನ್ನಾಗಿ ತಿನ್ನುತ್ತಿದೆ’ ಅಂತ ನೀವು ಬರೆದಿದ್ದಿರಿ. ಆ ಮಾತು ನಂಬಿಯೇ ಆರ್ಡರ್ ಮಾಡಿದ್ದು. ಬಂದ ಮೂರನೇ ದಿನ ಅದು ಸತ್ತಿತು.

ಚೀಲದ ನೀರು ಮಬ್ಬಾಗಿತ್ತು, ಲೋಳೆ ತೇಲುತ್ತಿತ್ತು. ದಾರಿಯಲ್ಲಿ ಅಷ್ಟು ಆಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅನಿಮೋನಿಯ ಬಾಯಿ ನಡುವೆ ಇರಲೇ ಇಲ್ಲ. ನೇರವಾಗಿ ಕತ್ತರಿಸಿದ ಅಂಚಿನಲ್ಲಿ ಅರ್ಧ ಬಾಯಿ ಇತ್ತು. ಆ ಅಂಚು ಇನ್ನೂ ತೆರೆದುಕೊಂಡಿತ್ತು, ಒಳಗಿನಿಂದ ಬಿಳಿ ನೂಲಿನಂಥ ಎಳೆಗಳು ಜೋತುಬಿದ್ದಿದ್ದವು. ಪಾದವೂ (ಕಲ್ಲಿಗೆ ಅಂಟಿಕೊಳ್ಳುವ ಅದರ ತಳ) ಒಂದು ಕಡೆ ಹರಿದಿತ್ತು, ಕಲ್ಲಿನಿಂದ ಬಲವಂತವಾಗಿ ಕಿತ್ತ ಹಾಗೆ. ಅದು ಬಂದ ಇಪ್ಪತ್ತು ನಿಮಿಷದೊಳಗೆ ನಾಲ್ಕು ಫೋಟೋ ನಿಮಗೆ ಕಳಿಸಿದ್ದೇನೆ. ದಯವಿಟ್ಟು ಒಮ್ಮೆ ನೋಡಿ.

ಮನೆಯಲ್ಲಿ ನಾನೂ ಅನಿಮೋನಿ ಕತ್ತರಿಸಿ ಬೆಳೆಸಿದ್ದೇನೆ. ಹರಿತವಾದ ಬ್ಲೇಡಿನಲ್ಲಿ ಬಾಯಿಯ ನಡುವಿನಿಂದ ಒಂದೇ ಸಲಕ್ಕೆ ಸೀಳಬೇಕು. ಎರಡೂ ಭಾಗಕ್ಕೆ ಬಾಯಿಯೂ ಪಾದವೂ ಸಿಗಬೇಕು. ಸೀಳಿದ ಅಂಚುಗಳು ಒಳಕ್ಕೆ ಸುರುಳಿಕೊಂಡು ಒಂದಕ್ಕೊಂದು ಅಂಟುತ್ತವೆ. ಒಂದೆರಡು ವಾರದಲ್ಲಿ ಗಾಯ ಕೂಡುತ್ತದೆ, ಆಮೇಲೆ ಬಾಯಿ ನಿಧಾನವಾಗಿ ನಡುವಿಗೆ ಸರಿಯುತ್ತದೆ. ಸಿಗಡಿಯ ಸಣ್ಣ ಚೂರು ಕೊಟ್ಟಾಗ ಹಿಡಿದು ನುಂಗಿದರೆ ಆಗ ಧೈರ್ಯ. ಅಲ್ಲಿಯವರೆಗೆ ಅದನ್ನು ಕಲ್ಲಿನಿಂದ ಎಬ್ಬಿಸಲೇಬಾರದು. ಬಬಲ್ ಟಿಪ್ ಅಂತೂ ತಾನಾಗಿಯೇ ಎರಡಾಗುವ ಜೀವ. ಅದಕ್ಕೆ ಇಷ್ಟು ಅವಸರ ಯಾಕೆ?

‘ನಿಮ್ಮ ನೀರಿನದೇ ತಪ್ಪು, ಲೈಟ್ ಜಾಸ್ತಿ ಆಗಿರಬೇಕು’ ಎಂದು ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಸುಮ್ನೆ ಹೀಗೆ ಹೇಳುವುದು ಸರಿಯಲ್ಲ. ನನ್ನ ರೀಫ್ ಟ್ಯಾಂಕಿಗೆ (ಹವಳ, ಅನಿಮೋನಿ ಸಾಕುವ ಉಪ್ಪುನೀರಿನ ಟ್ಯಾಂಕ್) ಎರಡು ವರ್ಷ ಆಗಿದೆ. ಉಪ್ಪು (ನೀರಿನ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025, ನೀರು 26 ಡಿಗ್ರಿ, ಅಮೋನಿಯಾ ಸೊನ್ನೆ, ನೈಟ್ರೇಟ್ 10 ಪಿಪಿಎಂ ಒಳಗೆ. ಅನಿಮೋನಿ ಸಿಕ್ಕಿಕೊಳ್ಳದಂತೆ ಪವರ್‌ಹೆಡ್‌ಗಳಿಗೆ (ನೀರು ಹರಿಸುವ ಪಂಪ್‌ಗಳಿಗೆ) ಸ್ಪಾಂಜ್ ಕಟ್ಟಿದ್ದೇನೆ. ಹೊಸದನ್ನು ತೂತುಗಳಿರುವ ಡಬ್ಬಿಯಲ್ಲಿಟ್ಟು, ಬೆಳಕು ಕಡಿಮೆ ಮಾಡಿದ್ದೆ. ಅದೇ ನೀರಿನಲ್ಲಿ ನನ್ನ ಹಳೆಯ ಬಬಲ್ ಟಿಪ್ ಒಂದೂವರೆ ವರ್ಷದಿಂದ ಇದೆ. ಜೋಡಿ ಕ್ಲೌನ್ ಫಿಶ್ ರಾತ್ರಿ ಅದರೊಳಗೇ ಮಲಗುತ್ತವೆ. ನೀರು ಕೆಟ್ಟಿದ್ದರೆ ಮೊದಲು ಅದು ಮುದುಡಬೇಕಿತ್ತು, ಅಲ್ವಾ?

ನೀವು ಕಳಿಸಿದ್ದು ಒಂದು ದಿನವೂ ಎಲ್ಲಿಯೂ ಅಂಟಲಿಲ್ಲ. ಎರಡನೇ ದಿನ ಬಾಯಿ ಅಗಲವಾಗಿ ಬಿಟ್ಟುಕೊಂಡಿತು. ಮೂರನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಕೊಳೆತ ವಾಸನೆ. ಕೈ ಹಾಕಿದಾಗ ಅದು ಬೆರಳ ಸಂದಿಯಲ್ಲೇ ಕರಗಿ ಹೋಯಿತು. ನೀರು ಪರೀಕ್ಷಿಸಿದರೆ ಅಮೋನಿಯಾ 0.5 ಪಿಪಿಎಂ ತೋರಿಸಿತು. ತಕ್ಷಣ ಮೂರನೇ ಒಂದು ಭಾಗ ನೀರು ಬದಲಿಸಿದೆ. ಹಳೆಯ ಅನಿಮೋನಿ ಎರಡು ದಿನ ಮುದುಡಿಕೊಂಡೇ ಇತ್ತು. ಅದೂ ಹೋಗುತ್ತೇನೋ ಅಂತ ತುಂಬಾ ಹೆದರಿದ್ದೆ.

ಅನಿಮೋನಿಯ ಬೆಲೆ ಮತ್ತು ಸಾಗಣೆ ಖರ್ಚು ಎರಡನ್ನೂ ವಾಪಸ್ ಕೊಡಿ. ಬದಲಿಗೆ ಇನ್ನೊಂದು ಕಳಿಸುವುದು ಬೇಡ. ಅದೂ ಹೀಗೇ ಅರ್ಧ ಮಾಗಿದ್ದಾದರೆ ಇನ್ನೊಂದು ಜೀವ ನನ್ನ ಕೈಯಲ್ಲಿ ಸಾಯುವುದನ್ನು ನೋಡಲು ನನ್ನಿಂದಾಗದು. ಮುಂದೆ ಮಾರುವ ಪ್ರತಿಯೊಂದಕ್ಕೂ ಕತ್ತರಿಸಿದ ದಿನಾಂಕ ಬರೆಯಿರಿ. ಬಾಯಿ ಮತ್ತು ಪಾದ ಸ್ಪಷ್ಟವಾಗಿ ಕಾಣುವ ಫೋಟೋ ಹಾಕಿ. ಸಾಧ್ಯವಾದರೆ ಅದು ಅಂಟಿಕೊಂಡಿರುವ ಸಣ್ಣ ಕಲ್ಲಿನ ಸಮೇತ ಕಳಿಸಿ, ಪಾದ ಹರಿಯುವುದಿಲ್ಲ.

ಆರ್ಡರ್ ರಸೀದಿ ಮತ್ತು ಆ ನಾಲ್ಕು ಫೋಟೋಗಳನ್ನು ಮತ್ತೆ ಲಗತ್ತಿಸಿದ್ದೇನೆ. ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ.

ಇತಿ,
ನಿಮ್ಮ ಗ್ರಾಹಕ