ಮಗಳಿಗೊಂದು ಪತ್ರ: ಯಾವ ಕಲ್ಲಲ್ಲಿ ಬೀಸಿದ್ದು?

ತಿಪಟೂರು
ಭಾನುವಾರ ರಾತ್ರಿ

ಪುಟ್ಟಿ,

ನೀನು ಬಿಟ್ಟುಹೋದ ರಾಗಿ ಹಿಟ್ಟಿನ ಡಬ್ಬ ಇನ್ನೂ ಬಾಗಿಲ ಪಕ್ಕದಲ್ಲೇ ಇದೆ. ಅಮ್ಮನೂ ಎತ್ತಿಡಲಿಲ್ಲ, ನಾನೂ ಮುಟ್ಟಲಿಲ್ಲ.

"ಅಪ್ಪ, ಇದು ಯಾವ ಕಲ್ಲಲ್ಲಿ ಬೀಸಿದ್ದು?" ಅಂತ ಕೇಳಿದೆ. ಅಷ್ಟೇ ನೀನು ಕೇಳಿದ್ದು. ನಾನು ನೆಂಟರ ಮುಂದೆ "ಹೆತ್ತ ಅಪ್ಪನ ಮೇಲೂ ನಂಬಿಕೆ ಇಲ್ವಾ" ಅಂತ ಕೂಗಾಡಿಬಿಟ್ಟೆ. ದೆಹಲಿಗೆ ಹೊರಟ ಮಗಳನ್ನು ಹಾಗೆ ಕಳಿಸಬಾರದಿತ್ತು. ತಪ್ಪಾಯ್ತು ಕಂದ.

ನಿಜ ಹೇಳುತ್ತೇನೆ. ಅದು ಅದೇ ಕಲ್ಲು, ಗಿರಾಕಿಗಳ ಗೋಧಿ ಬೀಸುವ ಕಲ್ಲು. ಸೀಲಿಯಾಕ್ ಕಾಯಿಲೆಯ ನಿನಗೆ ಗೋಧಿ ಸೋಕಲೂಬಾರದು ಅಂತ ಗೊತ್ತಿದ್ದೂ. ಒಂದು ದಿನ ಗಿರಣಿ ನಿಲ್ಲಿಸಿ, ಕಲ್ಲು ಬಿಚ್ಚಿ, ಬ್ರಷ್ ಹಾಕಿ ಉಜ್ಜಿದ್ದೆ. ಮೊದಲು ಹತ್ತು ಕೆಜಿ ರಾಗಿ ಬೀಸಿ ದನಕ್ಕೆ ಹಾಕಿದೆ. ಆಮೇಲೆ ನಿನ್ನದು ಬೀಸಿದೆ. ಇಷ್ಟು ಸಾಕು ಅಂದುಕೊಂಡೆ. ಸಾಕಾಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಸಲವಾದರೂ ನಾನು ಬೀಸಿದ ಹಿಟ್ಟು ನಿನ್ನ ಜೊತೆ ಬರಲಿ ಅನ್ನೋ ಆಸೆ, ಅಷ್ಟೇ.

ಆಸ್ಪತ್ರೆ, ಎಂಡೋಸ್ಕೋಪಿ, ಅದೆಲ್ಲ ಈಗ ಬೇಡ. ನಿನಗೆ ನೆನಪಿದೆ. ಆದರೆ ಅದರ ಮುಂದಿನ ವರ್ಷ ನನ್ನನ್ನು ಬಿಡುತ್ತಿಲ್ಲ. ಡಾಕ್ಟರು ಗೋಧಿ, ಬಾರ್ಲಿ ಬಿಡಿ ಅಂದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ರಾಗಿ ಸೀಮೆಯವರು ನಾವು. ಮುದ್ದೆ, ಅಕ್ಕಿ ರೊಟ್ಟಿ ಇದೆ, ಸ್ವಂತ ಗಿರಣಿ ಇದೆ. ನನ್ನ ಮಗಳಿಗೆ ಹಿಟ್ಟಿಗೇನು ಬರ ಅಂದುಕೊಂಡೆ. ಪ್ರತಿ ಭಾನುವಾರ ನಾನೇ ನಿಂತು ಬೀಸಿ ತಂದೆ. ನೀನು ಮಾತ್ರ ಇನ್ನೂ ಸೊರಗಿದೆ. ರಕ್ತ ಏರಲಿಲ್ಲ. ಎಂಟು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಈ ಕಾಯಿಲೆ ತೋರಿಸುವ ಸಂಖ್ಯೆ ಇಳಿದೇ ಇರಲಿಲ್ಲ. ಕದ್ದು ಬಿಸ್ಕತ್ತು ತಿನ್ನುತ್ತೀಯ ಅಂತ ನಿನ್ನ ಸ್ಕೂಲ್ ಬ್ಯಾಗ್ ಹುಡುಕಿದವನು ನಾನು. ಬಾಕ್ಸ್ ಬೋರಲು ಹಾಕಿ ಕೊಡವಿ ನೋಡಿದೆ. ನೀನು ಅಳಲಿಲ್ಲ, ಸುಮ್ನೆ ನೋಡುತ್ತಾ ನಿಂತಿದ್ದೆ.

ಡಾಕ್ಟರು ನನ್ನ ಅಂಗಿ ನೋಡಿದರು. ಜೇಬಿನ ಹೊಲಿಗೆಯಲ್ಲಿ ಬಿಳಿ ಹಿಟ್ಟು ಕೂತಿತ್ತು. "ನೀವೇನು ಕೆಲಸ ಮಾಡ್ತೀರಿ?" ಅಂದರು.

ಅವತ್ತು ರಾತ್ರಿ ಕಲ್ಲು ಬಿಚ್ಚಿದೆ. ಕಚ್ಚುಗಳ ಒಳಗೆ ಗೋಧಿ ಹಿಟ್ಟು ಗಟ್ಟಿಯಾಗಿ ಹತ್ತಿತ್ತು. ಮೊಳೆಯಲ್ಲಿ ಕೆರೆದೆ. ಒಂದು ಹಿಡಿ ಆಯ್ತು. ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಆ ಅಂಟಿನ ಅಂಶ, ಇದ್ದರೆ ಅದನ್ನು ಗ್ಲುಟೆನ್ ಇಲ್ಲದ್ದು ಅಂತ ಮಾರುವ ಹಾಗಿಲ್ಲ. ನನ್ನ ತಕ್ಕಡಿಯ ಅತಿ ಸಣ್ಣ ತೂಕದ ಬಟ್ಟೇ 50 ಗ್ರಾಂ. ಆ ಹಿಡಿ ಹಿಟ್ಟು ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ನಾನೇ ತಿನ್ನಿಸಿದ್ದು, ಪುಟ್ಟಿ. ಭಾನುವಾರ ಭಾನುವಾರ, ನಾನೇ ಬೀಸಿ ತಿನ್ನಿಸಿದ್ದು. ಅದಕ್ಕೇ ನಿನ್ನ ಪ್ರಶ್ನೆ ಅಷ್ಟು ಚುಚ್ಚಿತು.

ಕರುಳಿನ ಒಳಗೋಡೆಯ ಎಳೆಗಳು ಸವೆಯುತ್ತವೆ ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದ್ದರಲ್ಲ, ನನಗೆ ತಕ್ಷಣ ಅರ್ಥವಾಗಿತ್ತು. ಕಲ್ಲಿನ ಕಚ್ಚು ಸವೆದರೆ ಕಾಳು ಹಿಟ್ಟಾಗದೆ ಜಾರಿ ಹೋಗುತ್ತದೆ. ಹಾಗೇ ಉಂಡದ್ದು ಮೈಗೆ ಹತ್ತಲ್ಲ. ಕಲ್ಲಿಗೆ ನಾವೇ ಕಚ್ಚು ಹೊಡೆಸಬೇಕು. ಗೋಧಿ ಸೋಕದಿದ್ದರೆ ಕರುಳು ನಿಧಾನವಾಗಿ ತಾನೇ ಮಾಗುತ್ತದೆ.

ದೆಹಲಿಯಲ್ಲಿ ಎರಡು ಹೊತ್ತೂ ಗೋಧಿ ರೊಟ್ಟಿ. ಆಟಾ, ಮೈದಾ, ಸೂಜಿ, ದಲಿಯಾ, ಸೇವಯೀ ಅಂತಾರೆ. ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಸಾರಿಗೆ ಹಾಕುವ ಮುಂಚೆ ಡಬ್ಬಿ ಓದು. ಸೋಯಾ ಸಾಸ್ ಬೇಡ. ಸಮೋಸ ಕರಿದ ಎಣ್ಣೆಯಲ್ಲಿ ಕರಿದದ್ದೂ ಬೇಡ. ನವರಾತ್ರಿಯಲ್ಲಿ ಕುಟ್ಟು ಅನ್ನೋ ಕಾಳಿನ ಹಿಟ್ಟು ಸಿಗುತ್ತದೆ. ಅದು ಗೋಧಿಯಲ್ಲ, ಆದರೆ ಯಾವ ಗಿರಣಿಯಲ್ಲಿ ಬೀಸಿದ್ದು ಅಂತ ಕೇಳು. ಹೊಟ್ಟೆ ನೋವು ಬರಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಲ್ಲ, ಒಳಗೆ ಹಾಳಾಗುತ್ತಲೇ ಇರಬಹುದು. ವರ್ಷಕ್ಕೊಮ್ಮೆ ರಕ್ತ ತೋರಿಸು. ಹಾಸ್ಟೆಲಿನ ಅಡುಗೆಯವರ ಹತ್ತಿರ ಸಂಕೋಚ ಮಾಡಿಕೊಳ್ಳಬೇಡ. ನೋಡು, ಮತ್ತೆ ಶುರು ಮಾಡಿದೆ. ಇದೆಲ್ಲ ನನಗೆ ಹೇಳಿಕೊಟ್ಟವಳೇ ನೀನು. ಅಷ್ಟು ಜನರ ಮುಂದೆ, ಅಪ್ಪನನ್ನೂ ಬಿಡದೆ ಕೇಳಿದೆಯಲ್ಲ, ಈಗ ಹೆಮ್ಮೆ ಆಗುತ್ತಿದೆ.

ಇನ್ನೊಂದು ವಿಷಯ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಹತ್ತರಲ್ಲಿ ಒಬ್ಬರಿಗೆ ಬರಬಹುದು ಅಂತ ಡಾಕ್ಟರು ಅಂದಿದ್ದರು. ಅಮ್ಮ, ತಮ್ಮ ಆಗಲೇ ಮಾಡಿಸಿದರು. ನಾನು ಇಷ್ಟು ವರ್ಷ ತಪ್ಪಿಸಿಕೊಂಡೆ. ನನ್ನಿಂದಲೇ ನಿನಗೆ ಬಂದಿದ್ದರೆ ಅನ್ನೋ ಭಯ. ಬುಧವಾರ ಹೋಗುತ್ತೇನೆ. ಅಲ್ಲಿವರೆಗೆ ಗೋಧಿ ಬಿಡಬಾರದಂತೆ, ಬಿಟ್ಟರೆ ಕಾಯಿಲೆ ಇದ್ದರೂ ರಕ್ತದಲ್ಲಿ ಗೊತ್ತಾಗದೇ ಹೋಗಬಹುದಂತೆ. ಚಪಾತಿ ಗಂಟಲಲ್ಲಿ ಇಳಿಯುತ್ತಿಲ್ಲ, ಆದರೂ ತಿನ್ನುತ್ತಿದ್ದೇನೆ.

ಇದರ ಜೊತೆ ಐದು ಕೆಜಿ ರಾಗಿ ಹಿಟ್ಟು ಕಳಿಸಿದ್ದೇನೆ. ಮನೆಗೆ ಸಣ್ಣದೊಂದು ಹೊಸ ಮಿಷನ್ ತಂದು ದೇವರ ಕೋಣೆಯ ಪಕ್ಕ ಇಟ್ಟಿದ್ದೇವೆ. ಅದಕ್ಕೆ ರಾಗಿ, ಅಕ್ಕಿ ಬಿಟ್ಟು ಬೇರೇನೂ ಬಿದ್ದಿಲ್ಲ. ರಾಗಿ ಆರಿಸಿದ್ದು, ಬೀಸಿದ್ದು, ಚೀಲ ಹೊಲಿದದ್ದು ಎಲ್ಲ ಅಮ್ಮನೇ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ, ಗಿರಣಿಯ ಅಂಗಿ ಮೈಮೇಲಿತ್ತು.

ನಿನ್ನ ಅಪ್ಪ